ಫೈರ್‌ಫಾಕ್ಸಿಗೆ ಒತ್ತಕ್ಷರ ಬಂದ ಕಥೆ

ಲಿನಕ್ಸಿನಲ್ಲಿ ಫೈರ್‌ಫಾಕ್ಸ್ ಹಾಕಿಕೊಳ್ಳುವುದು ಆಗಲೂ ದೊಡ್ಡ ಕೆಲಸವೇನಲ್ಲ. ಆದರೆ ಕನ್ನಡ ಓದುವವರಿಗೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

2006ರ ಅಕ್ಟೋಬರಿನಲ್ಲಿ ಬಂದ ಫೈರ್‌ಫಾಕ್ಸ್ 2 ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇತ್ತು. ಕೇದಗೆ, ಮಲ್ಲಿಗೆ ಫಾಂಟ್‌ಗಳೂ ಇದ್ದವು. ಆದರೆ ಅಕ್ಷರ ಕೂಡಿಸುವುದು ಫಾಂಟ್ ಒಂದರಿಂದಲೇ ಆಗುವುದಲ್ಲ, ಲಿನಕ್ಸಿನಲ್ಲಿ ಅದಕ್ಕೆ ಪ್ಯಾಂಗೋ ಎಂಬ ತಂತ್ರಾಂಶ ಬೇಕಿತ್ತು. ಅದಿಲ್ಲದಿದ್ದರೆ ಏನಾಗುತ್ತದೆಂದು ನಮ್ಮ ವಿಜಯಪುರ (ಆಗಿನ ಬಿಜಾಪುರ) ಜಿಲ್ಲೆಯ ಊರುಗಳ ಹೆಸರಿನಲ್ಲೇ ನೋಡಬಹುದು. "ಮುದ್ದೇಬಿಹಾಳ" ಅಂದರೆ ಕಂಪ್ಯೂಟರಿಗೆ 11 ಸಂಕೇತಗಳ ಸಾಲು: ಮ, ಉಕಾರ, ದ, ಹಲಂತ, ಮತ್ತೆ ದ, ಏಕಾರ... ಕೂಡಿಸುವವರಿಲ್ಲದಿದ್ದರೆ ಒತ್ತು ಆಗುವುದೇ ಇಲ್ಲ, ಎರಡು ದಕಾರಗಳು ಪಕ್ಕಪಕ್ಕ ನಿಂತುಬಿಡುತ್ತವೆ. ಇಂಡಿ, ಸಿಂದಗಿಗಳ ಗುಡಿಸೂ ಅಕ್ಷರ ಬಿಟ್ಟು ದೂರ. ಬಸವನ ಬಾಗೇವಾಡಿಯಲ್ಲಿ "ಬಸವನ" ಮಾತ್ರ ಸರಿ, ಅದರಲ್ಲಿ ಗುಣಿತದ ಚಿಹ್ನೆಯೂ ಇಲ್ಲ, ಒತ್ತೂ ಇಲ್ಲ ನೋಡಿ! ಬಸವಣ್ಣ ಎಂದಿದ್ದರೆ ಅದೂ ಕೆಡುತ್ತಿತ್ತು.

ಇದಕ್ಕೆ ಮದ್ದು, ಟರ್ಮಿನಲ್‌ನಲ್ಲಿ ಪ್ಯಾಂಗೋ ಚಾಲೂ ಮಾಡುವ ಒಂದು ಸಾಲು ಬರೆದು ಅಲ್ಲಿಂದಲೇ ಫೈರ್‌ಫಾಕ್ಸ್ ತೆರೆಯುವುದು. ತಮಾಷೆಯೆಂದರೆ, ಪ್ಯಾಂಗೋ ಇದ್ದರೆ ಪುಟ ನಿಧಾನವೆಂದು ಅದನ್ನು ಆರಿಸುವ ಉಪಾಯವೂ ಇಂಗ್ಲಿಷ್ ಓದುಗರಲ್ಲಿ ಓಡಾಡುತ್ತಿತ್ತು. ಕಣ್ಣುಮುಚ್ಚಿ ಅದನ್ನೇ ಮಾಡಿದವರಿಗೆ ಕನ್ನಡ ಚೂರುಚೂರು. "ಲಿನಕ್ಸಿನಲ್ಲಿ ಕನ್ನಡ ಬರೋದಿಲ್ಲ" ಎಂಬ ಮಾತು ಹುಟ್ಟಿದ್ದು ಹೀಗೇ ಎಂದು ನನ್ನ ಗುಮಾನಿ.

2008ರ ಜೂನ್ 17ರಂದು ಫೈರ್‌ಫಾಕ್ಸ್ 3 ಬಂತು, ಪ್ಯಾಂಗೋ ತಾನಾಗಿಯೇ ಚಾಲೂ. ಅದರ ಬೀಟಾ ಆವೃತ್ತಿ ಏಪ್ರಿಲ್‌ನ ಉಬುಂಟು 8.04ರಲ್ಲೇ ಇತ್ತು. ನೆಟ್ ನಿಧಾನವಿದ್ದ ಊರುಗಳಿಗೆ ಅದೇ ಅನುಕೂಲ, ಯಾಕೆಂದರೆ ಉಬುಂಟು ಸೀಡಿಯನ್ನು ಕೆನಾನಿಕಲ್‌ನವರು 2011ರವರೆಗೆ ಮನೆಗೇ ಪುಕ್ಕಟೆ ಕಳಿಸುತ್ತಿದ್ದರು. ಈಗ ಫೈರ್‌ಫಾಕ್ಸಿನಲ್ಲಿ ಅಕ್ಷರ ಕೂಡಿಸುವುದು ಹಾರ್ಫ್‌ಬಜ್. ಟರ್ಮಿನಲ್ ತೆರೆಯುವ ಗೋಜಿಲ್ಲ.