ಹಳೆಯ ದೋಣಿಯ ತಳ ನೋಡುವ ವಿದ್ಯೆ

ಹೂಲಿ ಹೊಳೆದಂಡೆಯ ಊರಲ್ಲ. ಸವದತ್ತಿಯಿಂದ ಸುಮಾರು 9 ಕಿಲೋಮೀಟರ್ ದೂರದಲ್ಲಿ, ಗುಡ್ಡದ ಮಗ್ಗುಲಲ್ಲಿ, ಪಂಚಲಿಂಗೇಶ್ವರ ಗುಡಿಯನ್ನೂ ಇನ್ನೂ ಹಲವು ಪಾಳು ಗುಡಿಗಳನ್ನೂ ಇಟ್ಟುಕೊಂಡು ಕೂತ ಊರು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದು ಪೂಲಿ. ಸಾಸಿರ ಮಹಾಜನರ ದೊಡ್ಡ ಅಗ್ರಹಾರ. ಇಂಥ ಊರಿನವರಿಗೂ ದೋಣಿಗೂ ಏನು ನಂಟು ಎಂದು ಯಾರಾದರೂ ಕೇಳಿಯಾರು. ನಂಟು ಗಟ್ಟಿಯಾಗಿಯೇ ಇತ್ತು. ಈ ಸೀಮೆಯಿಂದ ಬೈಲಹೊಂಗಲ, ರಾಮದುರ್ಗ ಯಾವ ದಿಕ್ಕಿಗೆ ಹೊರಟರೂ ಮಳೆಗಾಲದಲ್ಲಿ ಮಲಪ್ರಭೆ ಎಲ್ಲಾದರೊಂದು ಕಡೆ ಅಡ್ಡ ಬರುತ್ತಿತ್ತು. ಇಲ್ಲಿಯ ಎರೆಹೊಲದ ಹತ್ತಿಯಂತೂ ಗಾಡಿ ಏರಿ, ಘಟ್ಟ ಇಳಿದು, ಸಮುದ್ರದ ಹಡಗು ಹತ್ತುತ್ತಿತ್ತು. ಹೊಳೆಯ ದೋಣಿ ಒಂದು ತುದಿಗೆ, ಕಡಲಿನ ದೋಣಿ ಇನ್ನೊಂದು ತುದಿಗೆ. ಎರಡರ ನಡುವೆ ಬದುಕಿದವರಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ದೋಣಿ ಕೊಳ್ಳುವ ಮೊದಲು ನೀರು ಯಾವುದೆಂದು ಕೇಳಬೇಕು, ಆಮೇಲೆ ದೋಣಿಯನ್ನು ಮಗುಚಿ ತಳ ನೋಡಬೇಕು.

ಹೊಳೆಯ ದೋಣಿ ಎಂದರೆ ಇಲ್ಲಿ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಜನ ತುಂಗಭದ್ರೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು. ಹುಟ್ಟು ಹಾಕಿದಂತೆ ಅದು ಸುತ್ತುತ್ತಲೇ ಸಾಗುತ್ತದೆ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲ ಎಂದೂ ಅವನು ಸೇರಿಸುತ್ತಾನೆ. ಪರದೇಶಿಯ ಕಣ್ಣಿಗೆ ವಿಚಿತ್ರವಾಗಿ ಕಂಡ ಈ ಆಕಾರ ನಮ್ಮ ಹೊಳೆಗಳಿಗೆ ಹೇಳಿ ಮಾಡಿಸಿದ್ದು. ಬಯಲುಸೀಮೆಯ ಹೊಳೆಯಲ್ಲಿ ನೀರಿಗಿಂತ ಬಂಡೆ ಹೆಚ್ಚು. ಹಲಗೆಯ ದೋಣಿ ಬಂಡೆಗೆ ತಾಗಿದರೆ ಸೀಳುತ್ತದೆ. ಹರಿಗೋಲಿನ ಬಿದಿರು ಬಾಗುತ್ತದೆ, ತೊಗಲು ಜಾರುತ್ತದೆ. ಗೇಣುದ್ದ ನೀರಿದ್ದರೂ ತೇಲುತ್ತದೆ. ಕೆಲಸ ಮುಗಿದ ಮೇಲೆ ಅಂಬಿಗ ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆಯಬಹುದು.

ಇಂಥ ದೋಣಿ ಲೋಕಕ್ಕೆ ಹೊಸದಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಚರಿತ್ರೆಕಾರ ಹೆರೊಡೊಟಸ್ ಬ್ಯಾಬಿಲೋನಿಗೆ ನದಿಯಲ್ಲಿ ಇಳಿದುಬರುತ್ತಿದ್ದ ದುಂಡು ದೋಣಿಗಳ ಬಗ್ಗೆ ಹೇಳಿದ್ದಾನೆ. ಅರ್ಮೇನಿಯಾದ ವ್ಯಾಪಾರಿಗಳು ಪ್ರತಿ ದೋಣಿಯಲ್ಲೂ ಒಂದಾದರೂ ಕತ್ತೆಯನ್ನು ಕೂರಿಸಿಕೊಂಡು ಬರುತ್ತಿದ್ದರು. ಸರಕು ಮಾರಿದ ಮೇಲೆ ದೋಣಿಯ ಕಟ್ಟಿಗೆಯ ಚೌಕಟ್ಟನ್ನೂ ಅಲ್ಲಿಯೇ ಮಾರಿ, ತೊಗಲನ್ನು ಮಾತ್ರ ಕತ್ತೆಯ ಬೆನ್ನಿಗೆ ಹೇರಿಕೊಂಡು ಊರಿಗೆ ನಡೆಯುತ್ತಿದ್ದರು. ಹಳೆಯ ದೋಣಿಯ ಮಾರಾಟದ ಬಗ್ಗೆ ಸಿಗುವ ಬಹಳ ಹಿಂದಿನ ವಿವರಗಳಲ್ಲಿ ಇದೂ ಒಂದು. ಆ ದೋಣಿಯಲ್ಲಿ ಬೆಲೆಬಾಳುವ ಭಾಗ ತೊಗಲೇ ಎಂದು ಅವರಿಗೆ ತಿಳಿದಿತ್ತು.

ನಮ್ಮಲ್ಲಿಯೂ ಹಾಗೆಯೇ. ಹರಿಗೋಲಿನ ಆಯುಷ್ಯ ಹೊದಿಕೆಯ ಮೇಲೆ ನಿಂತಿದೆ. ತೊಗಲು ನೀರಲ್ಲೇ ನೆನೆಯುತ್ತಾ ಕೂತರೆ ಕೊಳೆಯುತ್ತದೆ, ಬಿಸಿಲಲ್ಲೇ ಬಿಟ್ಟರೆ ಸೆಟೆದು ಬಿರುಕು ಬಿಡುತ್ತದೆ. ಆದ್ದರಿಂದ ಹಳೆಯ ಹರಿಗೋಲನ್ನು ಕೊಳ್ಳುವವನು ಮೊದಲು ನೋಡಬೇಕಾದದ್ದು ಅದನ್ನು ಹೇಗೆ ಒಣಗಿಸಿ ಇಟ್ಟಿದ್ದಾರೆ ಎಂಬುದನ್ನು. ಆಮೇಲೆ ಅಂಚಿನ ಕಟ್ಟು, ತಳದ ದಬ್ಬೆಗಳ ನಡುವೆ ನುಸಿ ಹಿಡಿದಿದೆಯೋ ಇಲ್ಲವೋ ಎಂಬುದು. ಇಪ್ಪತ್ತನೆಯ ಶತಮಾನದಲ್ಲಿ ತೊಗಲಿನ ಜಾಗಕ್ಕೆ ಡಾಂಬರು ಬಳಿದ ಗೋಣಿತಟ್ಟು, ಪ್ಲಾಸ್ಟಿಕ್ ಹಾಳೆ ಬಂದವು; ಈಚೆಗೆ ಫೈಬರಿನ ಹರಿಗೋಲೂ ಬಂದಿದೆ. ಹೊದಿಕೆ ಬದಲಾಯಿತು, ಆಕಾರ ಬದಲಾಗಲಿಲ್ಲ.

ಈ ಬುಟ್ಟಿದೋಣಿಯ ಬೆಲೆ ಎಷ್ಟೆಂದು 1800ರ ಮಳೆಗಾಲದಲ್ಲಿ ಒಬ್ಬ ಬ್ರಿಟಿಷ್ ಸೇನಾಧಿಕಾರಿಗೆ ಇದೇ ಮಲಪ್ರಭೆ ಕಲಿಸಿತು. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ದಂಡು ಕಟ್ಟಿದ್ದ ಧೋಂಡಿಯಾ ವಾಘನನ್ನು ಆರ್ಥರ್ ವೆಲ್ಲೆಸ್ಲಿ ಬೆನ್ನಟ್ಟಿ ಬಂದಿದ್ದ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ನೆಪೋಲಿಯನ್ನನನ್ನು ಸೋಲಿಸಿದವನೇ ಈತ. ಧೋಂಡಿಯಾನ ಪಾಳೆಯ ಸವದತ್ತಿಯಲ್ಲಿತ್ತು. ಅದು ಕದಲಿತು, ಸಾಮಾನು ಸರಂಜಾಮು ಮುನವಳ್ಳಿಯ ಬಳಿ ಹೊಳೆ ದಾಟುತ್ತಿದೆ ಎಂಬ ಸುದ್ದಿ ಬಂದಾಗ ವೆಲ್ಲೆಸ್ಲಿ ಅಳಗವಾಡಿಯಲ್ಲಿದ್ದ. ಅಲ್ಲಿಂದ 26 ಮೈಲಿ ನಡೆದು ಜುಲೈ 30ರ ಮಧ್ಯಾಹ್ನ ಮುನವಳ್ಳಿಯ ದಂಡೆಯಲ್ಲಿ ಮೇಲೆ ಬಿದ್ದ. ತುಂಬಿದ ಹೊಳೆ ಹಿಂದೆ, ಕುದುರೆದಂಡು ಮುಂದೆ. ಸಾವಿರಾರು ಜನ ನೀರುಪಾಲಾದರು. ಆಚೆ ದಂಡೆಗೆ ಮೊದಲೇ ದಾಟಿಸಿದ್ದ ಫಿರಂಗಿಗಳು ಕಣ್ಣಿಗೆ ಕಾಣುತ್ತಿದ್ದರೂ ಹೋಗಲು ದೋಣಿಯಿಲ್ಲ. ಕೆಲವು ಸೈನಿಕರು ಈಜಿ ದೋಣಿಯೊಂದನ್ನು ಹಿಡಿದುಕೊಂಡ ಮೇಲೆಯೇ ಅವು ಕೈಸೇರಿದವು.

ಮುನವಳ್ಳಿಯಲ್ಲಿ ಗೆದ್ದವನು ಅಲ್ಲಿಯೇ ಹೊಳೆ ದಾಟಲಾರದೆ ನಿಂತ. ಧೋಂಡಿಯಾ ಕಿತ್ತೂರಿನ ಕಾಡುಗಳ ಕಡೆಯಿಂದ ಖಾನಾಪುರದತ್ತ ಹೋಗಿ, ಹೊಳೆ ಹುಟ್ಟುವಲ್ಲೇ ಅದನ್ನು ಬಳಸಿಕೊಂಡು ಆಚೆಗೆ ದಾಟಿಬಿಟ್ಟ. ವೆಲ್ಲೆಸ್ಲಿಯ ಆಗಸ್ಟ್ ತಿಂಗಳ ಕಾಗದಗಳು ಕಿತ್ತೂರಿನಿಂದ, ಸಂಗೊಳ್ಳಿಯ ಎದುರಿನ ದಂಡೆಯಿಂದ ಬರೆದವು. ಅವುಗಳಲ್ಲಿ ದೋಣಿ ಕಟ್ಟಿಸುವ ಮಾತು ಮತ್ತೆ ಮತ್ತೆ ಬರುತ್ತದೆ. ಸೆಪ್ಟೆಂಬರ್ 10ರಂದು ಧೋಂಡಿಯಾ ಕಾಳಗದಲ್ಲಿ ಸತ್ತ. ಆದರೆ ಪಾಠ ಉಳಿಯಿತು. 1803ರಲ್ಲಿ ಮರಾಠರ ಮೇಲಿನ ಯುದ್ಧಕ್ಕೆ ಹೊರಡುವಾಗ ವೆಲ್ಲೆಸ್ಲಿ ಹರಿಗೋಲುಗಳನ್ನು ಮೊದಲೇ ಸಿದ್ಧಪಡಿಸುವ ಏರ್ಪಾಡು ಮಾಡಿದ. ಇಂಥ ದೋಣಿಗಳನ್ನು ಹೆಣೆದ ಕೈಗಳ ಹೆಸರು ನಮಗೆ ತಿಳಿಯದಿರುವುದು ಚರಿತ್ರೆಯ ದೊಡ್ಡ ಕೊರತೆ.

ಆಮೇಲೆ ಕಡವುಗಳು ಸರಕಾರದ ಕೈಗೆ ಬಂದವು. 1868ರ ಮುಂಬಯಿ ಕಡವು ಕಾಯಿದೆ ಅವುಗಳಿಗೆ ನಿಯಮ ಹಾಕಿತು; ಕಡವು ಹರಾಜಾಗಿ ಗುತ್ತಿಗೆಗೆ ಹೋಗುವ ಪದ್ಧತಿ ಬೇರೂರಿತು. ಮಲಪ್ರಭೆಯಲ್ಲಿ ದೋಣಿಗೆ ಕೆಲಸ ಮಳೆಗಾಲದ ನಾಲ್ಕೈದು ತಿಂಗಳು ಮಾತ್ರ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜನ ಹೊರಡುವ ಹೊತ್ತಿಗೆ ಹೊಳೆ ಇಳಿದು ಗಾಡಿಗಳೇ ದಾಟುತ್ತಿದ್ದವು. ಅಷ್ಟು ಕಡಿಮೆ ದುಡಿಮೆಗೆ ಹೊಸ ದೋಣಿಯ ಖರ್ಚು ಹೊರುವುದಕ್ಕಿಂತ ಹಳೆಯದಕ್ಕೇ ಹೊಸ ಹೊದಿಕೆ ಹಾಕಿಸುವುದು ಲಾಭ. ಲೆಕ್ಕ ಸರಳವಾಗಿತ್ತು.

ಕಡಲಿನ ಕಡೆಯ ಕಥೆ ಬೇರೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡ, ಬೆಳಗಾವಿ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಗಾಡಿಗಳು ಘಟ್ಟ ಇಳಿದು ಕುಮಟೆ ಬಂದರಿಗೆ ಸಾಲುಗಟ್ಟಿದವು. ಬೆಳೆದದ್ದು ಎರೆನಾಡಿನಲ್ಲಾದರೂ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. ಕಾರವಾರವನ್ನು ದೊಡ್ಡ ಬಂದರು ಮಾಡುವ ಆಸೆಯಿಂದ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕುಮಟೆಯಿಂದ ಮುಂಬಯಿಗೆ ಹತ್ತಿ ಹೊತ್ತದ್ದು ಪತ್ತೆಮಾರಿ, ಮಂಜಿ, ಮಚುವೆ ಎಂಬ ಹಾಯಿಹಡಗುಗಳು. 1880ರ ದಶಕದ ಕೊನೆಗೆ ಮುರಗಾಂವಿಗೆ ರೈಲು ಕೂಡಿಕೊಂಡಾಗ ಈ ವ್ಯಾಪಾರ ಬತ್ತಿತು.

ಕಡಲಿನ ಹಡಗಿಗೆ ಹರಿಗೋಲಿನ ಗುಣಗಳೆಲ್ಲ ದೋಷಗಳೇ. ಚಪ್ಪಟೆ ತಳ ಅಲೆಗೆ ಬಡಿಯುತ್ತದೆ, ಹಗುರ ಮೈ ಗಾಳಿಗೆ ಸಿಕ್ಕಿ ಹೊರಳುತ್ತದೆ. ಅಲ್ಲಿ ಬೇಕಾದದ್ದು ಚೂಪು ಮೂತಿ, ಆಳದ ಏರಾ (ತಳದ ಬೆನ್ನುಮರ), ಭಾರದ ಮೈ. ಸಾಗುವಾನಿ, ಹೊನ್ನೆ, ಹಲಸಿನ ಹಲಗೆಗಳ ಸಂದುಗಳಿಗೆ ಹತ್ತಿಯ ಎಳೆ ತುರುಕಿ ರಾಳ, ಎಣ್ಣೆ ಹಾಕಿ ಮುಚ್ಚುವುದೇ ಒಂದು ಕಸುಬು. ಸಿಹಿನೀರಿನಲ್ಲಿಲ್ಲದ ಶತ್ರುವೊಂದು ಉಪ್ಪುನೀರಿನಲ್ಲಿದೆ: ಮರ ಕೊರೆಯುವ ಕಡಲಹುಳು. ಹೊರಗೆ ಸೂಜಿಯ ಮೊನೆಯಷ್ಟು ತೂತು ಮಾಡಿ ಒಳಗೆ ಹೊಕ್ಕು ಹಲಗೆಯನ್ನು ಜೇನುಗೂಡು ಮಾಡಿಬಿಡುತ್ತದೆ. ಮೇಲಿನಿಂದ ನೋಡಿದರೆ ಬಣ್ಣ ಹೊಳೆಯುತ್ತಿರುತ್ತದೆ. ಹಾಗಾಗಿ ಹಳೆಯ ಮಚುವೆ ಕೊಳ್ಳುವವರು ಅದನ್ನು ದಡಕ್ಕೆ ಎಳೆಸಿ, ಸುತ್ತಿಗೆಯಿಂದ ಹಲಗೆ ಹಲಗೆಯನ್ನೂ ತಟ್ಟಿ ನೋಡಬೇಕು. ಗಟ್ಟಿ ಮರ ಖಣಿಲೆನ್ನುತ್ತದೆ, ಟೊಳ್ಳು ಮರ ಮಂಕಾಗಿ ಸದ್ದು ಕೊಡುತ್ತದೆ. ನೀರಿನಲ್ಲಿ ನಿಂತ ದೋಣಿಯನ್ನು ನೋಡಿ ಹಣ ಕೊಟ್ಟವನು ಅರ್ಧ ದೋಣಿಯನ್ನು ಮಾತ್ರ ನೋಡಿದ್ದಾನೆ.

ದೋಣಿ ಬರೀ ದುಡಿಮೆಯದ್ದೂ ಅಲ್ಲ. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿಗೆ ಬಂದಿದ್ದ ಯುವಕ ರವೀಂದ್ರನಾಥ ಠಾಕೂರರು ದೋಣಿಯಲ್ಲಿ ಕಾಳಿ ನದಿಯ ಮೇಲುಗಡೆಗೆ ಹೋಗಿ ಬೆಳದಿಂಗಳಲ್ಲಿ ಹಿಂದಿರುಗಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಜೋಗ ನೋಡಲು ಕರಾವಳಿಯಿಂದ ಹೊರಟವರು ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯಲ್ಲೇ ಬರುತ್ತಿದ್ದರು. ಉಪ್ಪುನೀರಿನಿಂದ ಸಿಹಿನೀರಿಗೆ ಏರುವ ಆ ಅಳಿವೆಯ ದೋಣಿಯೇ ಕಡಲು ಮತ್ತು ಒಳನಾಡು ಎರಡಕ್ಕೂ ಒಗ್ಗಿದ ನಡುವಿನ ಜಾತಿ.

ಎಂಜಿನ್ ಬಂದದ್ದು ತಡವಾಗಿ. ಕರಾವಳಿಯ ಮೀನುಗಾರಿಕೆಗೆ ಯಂತ್ರದ ದೋಣಿ ಬೇರೂರಿದ್ದು 1950ರ ದಶಕದ ನಂತರ. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂದು ದಡದಿಂದ ಎಳೆಯುವ ರಂಪಣಿ ಬಲೆಯ ಕಾಲ ಮುಗಿಯತೊಡಗಿತು. ಕಸುಬು ಬದಲಾದಾಗಲೆಲ್ಲ ಹಳೆಯ ದೋಣಿಗಳು ಮಾರಾಟಕ್ಕೆ ಬರುತ್ತವೆ. ಕೇರಳದಲ್ಲಿ ಲಾರಿಗಳ ಮುಂದೆ ಸೋತು ಮೂಲೆಗೆ ಬಿದ್ದಿದ್ದ ಅಕ್ಕಿ ಸಾಗಿಸುವ ಕೆಟ್ಟುವಳ್ಳಂ ಎಂಬ ಹೊಲಿದ ದೋಣಿಗಳನ್ನು 1990ರ ದಶಕದಲ್ಲಿ ಕೊಂಡು, ಮೇಲೆ ಮನೆ ಕಟ್ಟಿ, ಎಂಜಿನ್ ಇಟ್ಟು ಪ್ರವಾಸಿಗರಿಗೆ ಬಿಟ್ಟರು. ಅವು ಬದುಕಿದ್ದು ಅಲಪ್ಪುಳದ ನಿಂತ ನೀರಿನಲ್ಲಿ. ಅದೇ ದೋಣಿಯನ್ನು ಅರಬ್ಬಿ ಸಮುದ್ರಕ್ಕೆ ಬಿಟ್ಟರೆ ಮೊದಲ ಅಲೆಗೇ ಹೊಲಿಗೆ ಬಿಚ್ಚೀತು.

ಒಳನಾಡಿಗೆ ಎಂಜಿನ್ ತಂದದ್ದು ಅಣೆಕಟ್ಟುಗಳು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿದಾಗ ಶರಾವತಿಯ ಹಿನ್ನೀರು ಸಾಗರ ತಾಲೂಕಿನ ಕರೂರು, ಬಾರಂಗಿ ಹೋಬಳಿಯ ಜನರನ್ನು ಆಚೆ ದಡದಲ್ಲಿ ಬಿಟ್ಟಿತು. ಅವರ ರಸ್ತೆಯೇ ನೀರಿನಡಿ ಹೋದ ಮೇಲೆ ಹೊಳೆಬಾಗಿಲಿನ ಲಾಂಚು ರಸ್ತೆಯಾಯಿತು. ಬಸ್ಸು, ಮದುವೆ ದಿಬ್ಬಣ, ಹೆರಿಗೆಗೆ ಹೊರಟ ಹೆಂಗಸು, ಸಿಗಂದೂರಿನ ಭಕ್ತರು ಎಲ್ಲರೂ ಅದನ್ನೇ ಹತ್ತಿದರು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ತಲೆ ಎತ್ತುತ್ತವೆ. ಚಪ್ಪಟೆ ತಳದ ಲಾಂಚಿಗೂ ಆಗ ದಡ ಸೇರುವುದು ಕಷ್ಟವಾಗುತ್ತಿತ್ತು. ಮಲಪ್ರಭೆಗೆ ನವಿಲುತೀರ್ಥದ ಕಣಿವೆಯಲ್ಲಿ 1972ರಲ್ಲಿ ಅಣೆಕಟ್ಟು ಮುಗಿದು ರೇಣುಕಾಸಾಗರವಾಯಿತು. 37.73 ಟಿಎಂಸಿ ಹಿಡಿಯುವ ಜಲಾಶಯ, ಪೂರ್ಣಮಟ್ಟ 2079.50 ಅಡಿ. ಹೂಲಿಯಂಥ ಒಣ ನೆಲದ ಊರಿಗೆ ಮೊದಲ ಬಾರಿಗೆ ಅಷ್ಟು ದೊಡ್ಡ ನೀರು ನೆರೆಯಾಯಿತು. ಆದರೆ ಅನೇಕ ವರ್ಷ ಅದು ತುಂಬುವುದೇ ಇಲ್ಲ. ದಂಡೆ ಒಂದು ಕಾಲಕ್ಕೆ ಒಂದು ಕಡೆ, ಇನ್ನೊಂದು ಕಾಲಕ್ಕೆ ಎಷ್ಟೋ ದೂರ. ಹೀಗಾಗಿ ಮೀನುಗಾರನಿಗೆ ಇಂದಿಗೂ ಹೊತ್ತು ನಡೆಯಬಲ್ಲ ದೋಣಿಯೇ ಅನುಕೂಲ.

ಈಗ ಹಿನ್ನೀರಿನಲ್ಲೋ ಅಳಿವೆಯಲ್ಲೋ ವಿಹಾರಕ್ಕೆಂದು ಹಳೆಯ ಮೋಟಾರು ದೋಣಿ ಕೊಳ್ಳುವವರು ಹೆಚ್ಚುತ್ತಿದ್ದಾರೆ. ಅಂಬಿಗರ ಹಳೆಯ ಪ್ರಶ್ನೆಗಳು ಅವರಿಗೂ ಸಲ್ಲುತ್ತವೆ. ದೋಣಿ ಇಷ್ಟು ವರ್ಷ ದುಡಿದ ನೀರು ಯಾವುದು? ಸಮುದ್ರದ ನೀರು ಕುಡಿದು ತಣ್ಣಗಾದ ಎಂಜಿನ್ ಒಳಗೊಳಗೇ ತುಕ್ಕು ತಿಂದಿರಬಹುದು. ಫೈಬರಿನ ತಳದಲ್ಲಿ ಬೊಬ್ಬೆಗಳೆದ್ದಿದ್ದರೆ ಪದರಗಳ ಒಳಗೆ ನೀರು ಸೇರಿದೆ. ಪ್ರೊಪೆಲರಿನ ದಂಡ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸಡಿಲ ತಿಳಿಯುತ್ತದೆ. ಲಾರಿಯಿಂದ ಬಿಚ್ಚಿ ಕೂರಿಸಿದ ಎಂಜಿನ್ ಆಗಿದ್ದರೆ ಅದರ ತಣಿಸುವ ವ್ಯವಸ್ಥೆ ಹೇಗೆ ಮಾಡಿದ್ದಾರೆ ಎಂದು ನೋಡಬೇಕು. ಹಿನ್ನೀರಿಗೆ ಆಳದ ತಳ ಬೇಡ, ಅಳಿವೆಬಾಯಿ ದಾಟುವುದಾದರೆ ಚಪ್ಪಟೆ ತಳ ಬೇಡವೇ ಬೇಡ. ಎರಡೂ ಬೇಕೆನ್ನುವವರು ಎರಡರಲ್ಲೂ ಸ್ವಲ್ಪ ಬಿಟ್ಟುಕೊಡಬೇಕು.

ನೀರಿನ ಗುಣವನ್ನೂ ದೋಣಿಯ ಮಿತಿಯನ್ನೂ ಕಡೆಗಣಿಸಿದರೆ ಪ್ರಾಣಕ್ಕೇ ಕುತ್ತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಸತ್ತವರಲ್ಲಿ ಕಡಲು ಕಾಣದ ಬಯಲುಸೀಮೆಯಿಂದ ಬಂದವರೂ ಇದ್ದರು. ಹೊಳೆಯ ಕಡವಿನಲ್ಲಿ ತುಂಬಿದ ದೋಣಿಗೂ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವ ಹಳೆಯ ಉದಾರತೆ ಕಡಲಲ್ಲಿ ನಡೆಯುವುದಿಲ್ಲ. ಬ್ರಿಟಿಷರ ಕಾಲದ 1917ರ ಒಳನಾಡು ನೌಕೆಗಳ ಕಾಯಿದೆಯ ಜಾಗಕ್ಕೆ 2021ರಲ್ಲಿ ಹೊಸ ಕಾಯಿದೆ ಬಂದಿದೆ. ನೋಂದಣಿ, ತಪಾಸಣೆ, ವಿಮೆ ಎಲ್ಲವೂ ಅದರಲ್ಲಿವೆ. ಹಳೆಯ ದೋಣಿ ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವ ಮೊದಲು ತಪಾಸಣೆಯ ಕಾಗದ ಕೇಳಲೇಬೇಕು.

2025ರ ಜುಲೈ 14ರಂದು ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ 2.44 ಕಿಲೋಮೀಟರ್ ಉದ್ದದ ಕೇಬಲ್ ಆಧಾರಿತ ಸೇತುವೆ ಸಂಚಾರಕ್ಕೆ ತೆರೆಯಿತು. ಆರು ದಶಕ ದ್ವೀಪವಾಸಿಗಳಂತೆ ಬದುಕಿದ ಜನರಿಗೆ ಇದು ಎಂದೋ ಸಿಗಬೇಕಿದ್ದ ನ್ಯಾಯ. ಹೊಳೆಬಾಗಿಲಿನ ದಾರಿ ಲಾಂಚಿನ ಹಂಗಿನಿಂದ ಬಿಡುಗಡೆಯಾಯಿತು. ಬಿಡುವಾದ ಇಂಥ ಲಾಂಚುಗಳನ್ನು ಪ್ರವಾಸಕ್ಕೆ ಬಳಸುವ ಮಾತು ಬಂದಾಗಲೆಲ್ಲ ಮೊದಲು ಆಗಬೇಕಾದದ್ದು ಅವುಗಳನ್ನು ದಡಕ್ಕೆಳೆದು ತಳದ ತಗಡಿನ ದಪ್ಪ ಅಳೆಯುವ ಕೆಲಸ. ಸಿಹಿನೀರಿನಲ್ಲೇ ದುಡಿದ ಮೈಯಾದ್ದರಿಂದ ತಗಡು ಗಟ್ಟಿಯಾಗಿದ್ದರೆ ಅವು ಇನ್ನೊಂದು ಹಿನ್ನೀರಿನಲ್ಲಿ, ರೇಣುಕಾಸಾಗರದಲ್ಲಿಯೂ ಕೂಡ, ನೀರು ತುಂಬಿದ ತಿಂಗಳುಗಳಲ್ಲಿ ದುಡಿಯಬಲ್ಲವು. ಕರಾವಳಿಗೆ ಮಾತ್ರ ಅವನ್ನು ಇಳಿಸಬಾರದು.