ವಯಸ್ಸಾದ ನಾಯಿಗೆ ಶಾಶ್ವತ ಮನೆ: ಶ್ರಾವಕ ಕುಟುಂಬಗಳಿಗೆ ಮಾಹಿತಿ

ಬೀದಿಯಿಂದ ಎತ್ತಿ ತಂದ, ತಳಿ ಮಾರಾಟಗಾರರು ಬೇಡವೆಂದು ಬಿಟ್ಟ, ಅಥವಾ ಸಾಕಿದವರೇ ಊರು ಬದಲಿಸುವಾಗ ತೊರೆದ ನಾಯಿಗಳಲ್ಲಿ ಮರಿಗಳಿಗೆ ಬೇಗ ಮನೆ ಸಿಗುತ್ತದೆ. ವಯಸ್ಸಾದವು ಉಳಿದುಬಿಡುತ್ತವೆ. ಬಸದಿಯ ಆವರಣದಲ್ಲೋ ಅಂಗಡಿಯ ಮುಂದೋ ಸೇರಿಕೊಂಡ ಇಂಥ ನಾಯಿಗೆ ಯಾರೋ ಒಬ್ಬ ಶ್ರಾವಕಿ ಅನ್ನ ಹಾಕಿ, ಔಷಧ ಕೊಡಿಸುತ್ತಾರೆ. ಮುಂದೇನು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಇರುವುದಿಲ್ಲ.

ಸಾಮಾನ್ಯವಾಗಿ 7 ವರ್ಷ ದಾಟಿದ ನಾಯಿಯನ್ನು ವಯಸ್ಸಾದದ್ದು ಎನ್ನುತ್ತಾರೆ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಗೆ ಮುಪ್ಪು ಇನ್ನೂ ಬೇಗ ಬರುತ್ತದೆ. ನಾಡ ನಾಯಿಗಳು ಒಳ್ಳೆಯ ಆರೈಕೆಯಲ್ಲಿ 12-15 ವರ್ಷ ಬಾಳುವುದುಂಟು. ಎಂಟು ವರ್ಷದ ನಾಯಿಯನ್ನು ಮನೆಗೆ ತರುವವರು ಹೀಗೆ ನಾಲ್ಕಾರು ವರ್ಷಗಳ ಹೊಣೆ ಹೊರುತ್ತಾರೆ. ಒಂದು ದಿನದ ಜೀವದಯೆಯಿಂದ ಮುಗಿಯುವ ಕೆಲಸ ಇದಲ್ಲ.

ಮೊದಲು ಪಶುವೈದ್ಯರು

ಮನೆ ಹುಡುಕುವ ಮುನ್ನ ನಾಯಿಯ ಸ್ಥಿತಿ ಗೊತ್ತಿರಬೇಕು. ಹಲ್ಲು ನೋಡಿ ವಯಸ್ಸು ಹೇಳುವುದು ಅಂದಾಜು ಮಾತ್ರ. ಕಣ್ಣಿನಲ್ಲಿ ನೀಲಿ ಮಸುಕು ಕಂಡ ಕೂಡಲೇ ಕುರುಡೆಂದು ತಿಳಿಯಬೇಕಿಲ್ಲ. ವಯಸ್ಸಿನಿಂದ ಬರುವ ಮಸುಕಿದ್ದರೂ ನಾಯಿಗೆ ಕಾಣಿಸುತ್ತದೆ, ಪೊರೆ ಬೇರೆಯದೇ ತೊಂದರೆ. ಉಣ್ಣೆಗಳಿಂದ ಹರಡುವ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಲೇಬೇಕು. ಸೋತು ಮಲಗಿದ ನಾಯಿಯನ್ನು ಮುದಿತನವೆಂದು ಬಿಟ್ಟ ಎಷ್ಟೋ ಕಡೆ ಕಾರಣ ಈ ಜ್ವರವೇ ಆಗಿರುತ್ತದೆ, ಮತ್ತು ಅದಕ್ಕೆ ಔಷಧ ಇದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣಕ್ಕೆ ಅಪಾಯ ಬರಬಹುದು. ಇವುಗಳ ಜೊತೆಗೆ ಮೂತ್ರಪಿಂಡ, ಹೃದಯ, ಹಲ್ಲು ಮತ್ತು ಕೀಲುಗಳ ತಪಾಸಣೆ, ರೇಬೀಸ್ ಲಸಿಕೆ ಆಗಬೇಕು. ಖಾಸಗಿ ಚಿಕಿತ್ಸಾಲಯದ ಖರ್ಚು ಹೆಚ್ಚೆನಿಸಿದರೆ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗದ ಪಶುವೈದ್ಯಕೀಯ ಕಾಲೇಜುಗಳಲ್ಲಿಯೂ ಚಿಕಿತ್ಸೆ ಸಿಗುತ್ತದೆ.

ಇದ್ದದ್ದು ಇದ್ದಂತೆ ಹೇಳುವುದು

"ಪಾಪದ ಜೀವ, ಯಾರಾದರೂ ದಯೆ ತೋರಿ" ಎಂಬ ವಾಟ್ಸಾಪ್ ಸಂದೇಶಕ್ಕೆ ಕೈಮುಗಿಯುವ ಚಿಹ್ನೆಗಳು ಬರುತ್ತವೆ, ಮನೆ ಬರುವುದಿಲ್ಲ. ತೆಗೆದುಕೊಳ್ಳುವವರಿಗೆ ಬೇಕಾದದ್ದು ದಿನನಿತ್ಯದ ವಿವರ. ಮೆಟ್ಟಿಲು ಹತ್ತುತ್ತದೆಯೇ, ರಾತ್ರಿ ಮೂತ್ರಕ್ಕೆ ಏಳುತ್ತದೆಯೇ, ಮಕ್ಕಳ ಗದ್ದಲ ತಡೆಯುತ್ತದೆಯೇ, ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು, ಯಾವ ಮಾತ್ರೆ ನಡೆಯುತ್ತಿದೆ, ತಿಂಗಳಿಗೆ ಅದಕ್ಕೆ ಎಷ್ಟು ಹಣ ಎಂಬುದನ್ನು ಬರೆಯಬೇಕು. ಒಮ್ಮೆ ಕಚ್ಚಿದ್ದರೆ ಅದನ್ನೂ ಬರೆಯಬೇಕು. ಮುಚ್ಚಿಟ್ಟು ಕೊಟ್ಟ ನಾಯಿ ಹದಿನೈದು ದಿನಕ್ಕೆ ಹಿಂದಿರುಗುತ್ತದೆ, ಮತ್ತೆ ಮತ್ತೆ ಮನೆ ಬದಲಿಸಿದ ಮುದಿ ನಾಯಿ ಅನ್ನ ಬಿಟ್ಟು ಮೂಲೆ ಹಿಡಿಯುವುದೂ ಉಂಟು.

ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ, ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್ ಮುಂತಾದ ಸಂಸ್ಥೆಗಳ ಸಲಹೆ ಕೇಳಬಹುದು. ಗೋಶಾಲೆ ಅಥವಾ ಪಿಂಜರಾಪೋಲ್‌ಗೆ ಒಪ್ಪಿಸಿದರಾಯಿತು ಎಂಬ ಯೋಚನೆ ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಅವುಗಳ ವ್ಯವಸ್ಥೆ ಇರುವುದು ಮುಖ್ಯವಾಗಿ ದನಕರುಗಳಿಗೆ. ಮನುಷ್ಯರ ಒಡನಾಟ ಬಯಸುವ ಮುದಿ ನಾಯಿಗೆ ಅದು ಮನೆಯಾಗುವುದಿಲ್ಲ. ಶಾಶ್ವತ ಮನೆ ಸಿಗುವವರೆಗೆ ಯಾರಾದರೂ ತಮ್ಮ ಮನೆಯಲ್ಲಿ ತಾತ್ಕಾಲಿಕವಾಗಿ ಇರಿಸಿಕೊಂಡರೆ ನಾಯಿಯ ಸ್ವಭಾವವೂ ತಿಳಿಯುತ್ತದೆ.

ಯಾವ ಮನೆ ಹೊಂದುತ್ತದೆ

ಹಗಲಿಡೀ ಹಿರಿಯರಿರುವ, ಊಟದ ಸಮಯ ತಪ್ಪದ ಮನೆ ಮುದಿ ನಾಯಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಸುವ ಕುಟುಂಬ ನಾಯಿಗೂ ಅದೇ ಹೊತ್ತಿಗೆ ಹಾಕಿದರೆ ತೊಂದರೆಯಿಲ್ಲ. ದಿನಕ್ಕೆ ಎರಡು ಹೊತ್ತು ಸಾಕು. ರಾತ್ರಿ ನೀರನ್ನು ಮಾತ್ರ ಎತ್ತಿಡಬಾರದು. ಮೂತ್ರಪಿಂಡ ದುರ್ಬಲವಾದ ನಾಯಿಗೆ ಇಡೀ ರಾತ್ರಿ ನೀರು ಬೇಕು.

ದೇವರ ಕೋಣೆ, ಅಡುಗೆಮನೆಗೆ ನಾಯಿ ಬರಬಾರದೆಂದು ಅಜ್ಜಿ ಹೇಳಿದರೆ ಅದು ತೊಡಕೇನಲ್ಲ. ಮುನಿಗಳ ಆಹಾರಕ್ಕೆ ಚೌಕ ಹಾಕುವ ಮನೆಯಲ್ಲಿ ಆ ಹೊತ್ತಿಗೆ ನಾಯಿಗೆ ಬೇರೆ ಕೋಣೆ ಇದ್ದರಾಯಿತು. ತೊಡಕಾಗುವುದು ಹಿತ್ತಲಿನ ಸರಪಳಿ. ಶ್ರಾವಕರ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲನೆಯದೇ ಕಟ್ಟಿಹಾಕುವುದು. ಕೀಲುನೋವಿನ ನಾಯಿಗೆ ಇಡೀ ದಿನದ ಸರಪಳಿ ಪೀಡೆಯೇ ಸರಿ. ಗ್ರಾನೈಟ್, ಟೈಲ್ಸ್ ನೆಲದಲ್ಲಿ ಅದರ ಕಾಲು ಜಾರುತ್ತದೆ. ಓಡಾಡುವ ದಾರಿಗೆ ಹಳೆಯ ಜಮಖಾನ ಹಾಸಿದರೆ ಸಾಕು.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಮೊದಲೇ ಪಡೆದಿರಬೇಕು. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೂಚಿಸಿದೆ. ಯಾತ್ರೆಯ ಪ್ರಶ್ನೆಯನ್ನೂ ಕೇಳಲೇಬೇಕು. ಮನೆಮಂದಿಯೆಲ್ಲ ಸಮ್ಮೇದ ಶಿಖರ್ಜಿಗೆ ಹೊರಟಾಗ ನಾಯಿಯನ್ನು ನೋಡಿಕೊಳ್ಳುವವರು ಯಾರು? ಇದಕ್ಕೆ ಉತ್ತರವಿಲ್ಲದ ಮನೆಗೆ ಕೊಡದಿರುವುದು ಲೇಸು.

ಆಹಾರ

ಬಹುತೇಕ ಜೈನ ಮನೆಗಳು ಹಿಂಜರಿಯುವುದು ಇಲ್ಲಿ. ನಾಯಿ ಬೆಕ್ಕಿನಂತೆ ಮಾಂಸವನ್ನೇ ಅವಲಂಬಿಸಿದ ಪ್ರಾಣಿಯಲ್ಲ. ಅನ್ನ, ಬೇಳೆಯ ಪಿಷ್ಟವನ್ನೂ ಅರಗಿಸಿಕೊಳ್ಳುತ್ತದೆ. ಪೋಷಕಾಂಶಗಳನ್ನು ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ಅದು ಬದುಕಬಲ್ಲದು. ಹಾಗೆಂದು ಬರೀ ಮೊಸರನ್ನ ಪೂರ್ಣ ಆಹಾರವಲ್ಲ. ಹೆಸರುಬೇಳೆ, ಸೋಯಾ, ಪನೀರ್‌ನಿಂದ ಪ್ರೋಟೀನ್ ಸಿಗಬೇಕು. ಬಿ12, ಡಿ ಜೀವಸತ್ವಗಳು ಮತ್ತು ಟಾರಿನ್ ಅನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಸೇರಿಸಬೇಕು. ಸಿದ್ಧ ಸಸ್ಯಾಹಾರವೂ ಮಾರುಕಟ್ಟೆಯಲ್ಲಿದೆ. ಕ್ಯಾರೆಟ್, ಗೆಣಸಿನ ಬದಲು ಸಿಹಿಕುಂಬಳ, ಸೋರೆ, ಬೀನ್ಸ್ ಬೇಯಿಸಿ ಹಾಕಬಹುದು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಆ ಮಟ್ಟಿಗೆ ಜೈನರ ಅಡುಗೆಮನೆ ಸುರಕ್ಷಿತ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಆದ್ದರಿಂದ ಪ್ರೀತಿಯಿಂದ ಕೊಡುವ ಒಣಹಣ್ಣು, ಪಾಯಸದ ಬಗ್ಗೆ ಎಚ್ಚರ ಬೇಕು.

ಹಳೆಯ ಆಹಾರದಿಂದ ಹೊಸದಕ್ಕೆ ಬದಲಿಸಲು 7-10 ದಿನ ಹಿಡಿಯಬೇಕು. ಕೆಲವು ಮುದಿ ನಾಯಿಗಳು ಒಪ್ಪುವುದೇ ಇಲ್ಲ. ಇನ್ನು ಕೆಲವಕ್ಕೆ ಕಾಯಿಲೆಯ ಕಾರಣ ವೈದ್ಯರು ಸೂಚಿಸುವ ವಿಶೇಷ ಆಹಾರದಲ್ಲಿ ಮಾಂಸ ಅಥವಾ ಮೊಟ್ಟೆ ಇರುತ್ತದೆ. ಅದನ್ನು ಮನೆಯೊಳಗೆ ತರಲಾರದ ಕುಟುಂಬ ಹಾಗೆಂದು ಹೇಳಿ ಆ ನಾಯಿಯನ್ನು ಬೇರೆ ಮನೆಗೆ ಬಿಟ್ಟುಕೊಡುವುದರಲ್ಲಿ ಸಂಕೋಚಪಡಬೇಕಿಲ್ಲ. ನಾಯಿ ಸೊರಗುತ್ತಿರುವುದನ್ನು ನೋಡುತ್ತಾ ಇಟ್ಟುಕೊಳ್ಳುವುದು ತಪ್ಪು.

ಕೊನೆಯ ದಿನಗಳ ಮಾತು

ಈ ಮಾತನ್ನು ನಾಯಿ ಬರುವ ಮೊದಲೇ ಆಡಿಕೊಳ್ಳಬೇಕು. ಗುಣವಾಗದ ನೋವಿನಲ್ಲಿ ಪಶುವೈದ್ಯರು ದಯಾಮರಣ ಸೂಚಿಸಬಹುದು. ಅನೇಕ ಜೈನ ಕುಟುಂಬಗಳು ಅದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಉಳಿಯುವ ದಾರಿ ಶುಶ್ರೂಷೆ: ನೋವುನಿವಾರಕ, ಮೆತ್ತನೆಯ ಹಾಸಿಗೆ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಮೈ ಒರೆಸುವುದು. ಇದು ವಾರಗಟ್ಟಲೆ ನಡೆಯಬಹುದು, ರಾತ್ರಿ ಎದ್ದು ಮಾಡುವವರು ಯಾರೆಂದು ಮೊದಲೇ ಗೊತ್ತಿರಬೇಕು. ಸಲ್ಲೇಖನದ ಹೆಸರಿನಲ್ಲಿ ನಾಯಿಗೆ ಅನ್ನನೀರು ನಿಲ್ಲಿಸುವಂತಿಲ್ಲ. ಸಲ್ಲೇಖನ ತಿಳಿದು ತಾನಾಗಿ ಸ್ವೀಕರಿಸುವ ವ್ರತ. ಇನ್ನೊಂದು ಜೀವಕ್ಕೆ ಆಹಾರ ತಡೆದರೆ ಅದು ಅನ್ನಪಾನನಿರೋಧ. ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಹೇಳಿದ್ದು, ಅದು ಸುದರ್ಶನ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಜೀವಂಧರ ಚರಿತೆಯನ್ನು ಬರೆದಿದ್ದಾನೆ. ಅನೇಕ ಮನೆಗಳಲ್ಲಿ ಇಂದಿಗೂ ಸಾಕಿದ ಪ್ರಾಣಿಯ ಕೊನೆಗಳಿಗೆಯಲ್ಲಿ ಮಂತ್ರ ಹೇಳುತ್ತಾರೆ.

ಒಪ್ಪಿಸುವಾಗ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಪ್ರಾಣಿ ಹಸಿವು ಬಾಯಾರಿಕೆಯಿಂದ ನರಳುವಂತೆ ತೊರೆಯುವುದು ಅಪರಾಧ. ಮೊದಲ ಬಾರಿಗೆ ದಂಡ 10ರಿಂದ 50 ರೂಪಾಯಿ. ಕಾನೂನಿನ ಭಯದಿಂದ ಯಾರೂ ನಾಯಿಯನ್ನು ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಒಂದು ಕಾಗದದಲ್ಲಿ ಬರೆದುಕೊಳ್ಳುವುದು ಒಳ್ಳೆಯದು: ಇಟ್ಟುಕೊಳ್ಳಲಾಗದಿದ್ದರೆ ಬೇರೆಯವರಿಗೆ ದಾಟಿಸದೆ, ಕೊಟ್ಟವರಿಗೇ ಹಿಂದಿರುಗಿಸಬೇಕು. ಲಸಿಕೆ ಪುಸ್ತಕ, ರಕ್ತಪರೀಕ್ಷೆ ವರದಿ, ಹಳೆಯ ಹೊದಿಕೆ ನಾಯಿಯ ಜೊತೆಗೇ ಹೋಗಲಿ. ದೀಪಾವಳಿಯ ಹಿಂದಿನ ವಾರ ಮಾತ್ರ ಮನೆ ಬದಲಿಸಬಾರದು. ಪಟಾಕಿ ಸದ್ದಿಗೆ ಹೆದರಿ ಗೇಟು ದಾಟಿ ಓಡಿದ ನಾಯಿಗೆ ಹೊಸ ಬೀದಿಯಿಂದ ಹಿಂದಿರುಗುವ ದಾರಿ ಗೊತ್ತಿರುವುದಿಲ್ಲ. ಮೊದಲ ಮೂರು ದಿನ ಅದು ಮಂಚದ ಕೆಳಗೆ ಸೇರಿಕೊಂಡರೆ ಗಾಬರಿ ಬೇಡ. ಮನೆಯ ದಿನಚರಿ ತಿಳಿಯಲು ಮೂರು ವಾರ, ಪೂರಾ ಒಗ್ಗಿಕೊಳ್ಳಲು ಸುಮಾರು ಮೂರು ತಿಂಗಳು ಬೇಕಾಗುತ್ತದೆ. ಕೊಟ್ಟವರು ಅಲ್ಲಿಯವರೆಗೆ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿರಬೇಕು.