ಮರದ ದೇವತೆಯ ದೂರು

ಒಂದೇ ದಶಕದಲ್ಲಿ ಎರಡು ಹಳೆಯ ದಾರಿಗಳು ಹೊಸದಾಗಿ ತೆರೆದುಕೊಂಡವು. ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧದ ಹಳೆಯ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಪುಸ್ತಕ ಬರೆದು, ವಿಕ್ಕಾ ಅಂತ ಹೆಸರಾದ ಪೇಗನ್ ಪಂಥವನ್ನು ಲೋಕದ ಮುಂದಿಟ್ಟ. ಚರ್ಚು ತುಳಿದುಹಾಕಿದ್ದ ಪ್ರಕೃತಿಯ ಆರಾಧನೆಯನ್ನು ಮತ್ತೆ ಎತ್ತಿ ನಿಲ್ಲಿಸ್ತೇವೆ ಅನ್ನೋದು ಆ ಮಂದಿಯ ನಂಬಿಕೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಅವರು ದೇವರುಗಳನ್ನು ಹುಡುಕಿ ಹೊರಟರು. ಇವರು 22 ಪ್ರತಿಜ್ಞೆ ಮಾಡಿ ದೇವರುಗಳನ್ನು ಬಿಟ್ಟು ಬಂದರು.

ಪಶ್ಚಿಮದ ಈ ಹುಡುಕಾಟ ಬುದ್ಧನ ಹತ್ತಿರಕ್ಕೂ ಬಂತು. ಅಮೆರಿಕದ ಕವಿ ಗ್ಯಾರಿ ಸ್ನೈಡರ್ 1956ರಲ್ಲೇ ಝೆನ್ ಕಲಿಯಲು ಕ್ಯೋಟೋಗೆ ಹೋದರು. ಮುಂದೆ ಅದನ್ನು ತಮ್ಮ ನೆಲದ ಮೂಲನಿವಾಸಿಗಳ ನಂಬಿಕೆಗಳ ಜೊತೆ ಕೂಡಿಸಿದರು. 1985ರಲ್ಲಿ ಜೊವಾನ್ನಾ ಮೇಸಿ ಮತ್ತು ಜಾನ್ ಸೀಡ್ ಆಸ್ಟ್ರೇಲಿಯಾದಲ್ಲಿ ‘ಸಕಲ ಜೀವಿಗಳ ಸಭೆ’ಯನ್ನು ರೂಪಿಸಿದರು. ಮುಖವಾಡ ಹಾಕಿ, ನದಿಯಾಗಿ, ಮರವಾಗಿ, ಹಕ್ಕಿಯಾಗಿ ಮಾತಾಡುವ ಆಚರಣೆ ಅದು. ಮೇಸಿ ಇದಕ್ಕೆ ಪ್ರತೀತ್ಯಸಮುತ್ಪಾದದ ಬುನಾದಿ ಹಾಕಿದರು: ಯಾವುದೂ ಒಂಟಿಯಾಗಿ ಇಲ್ಲ. ಇದನ್ನ ಹುಡುಗಾಟ ಅಂತ ತಳ್ಳಿಹಾಕೋ ಹಾಗಿಲ್ಲ. ಸೀಡ್ ಮಳೆಕಾಡು ಉಳಿಸಲು ಬೀದಿಗಿಳಿದವರು.

ಆದರೂ ಕೇರಿಯಲ್ಲಿ ನಿಂತು ಒಂದು ಪ್ರಶ್ನೆ ಕೇಳಲೇಬೇಕು. ನೀರಿನ ಪರವಾಗಿ ಮಾತಾಡೋದು ಸರಿ, ನೀರು ಮುಟ್ಟೋಕೆ ಯಾರಿಗೆ ಬಿಟ್ಟಿದ್ದರು? 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಅಸ್ಪೃಶ್ಯರು ನೀರು ಕುಡಿದರು. ಸವರ್ಣೀಯರು ಸೆಗಣಿ, ಗಂಜಲ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ನಮ್ಮಲ್ಲಿ ಪ್ರಕೃತಿಗೂ ಜಾತಿ ಅಂಟಿಸಿದ್ದಾರೆ.

ಇನ್ನೊಂದು ಉದಾಹರಣೆ. ಗಾರ್ಡ್ನರನ ಪಂಥದವರು ಬೆತ್ತಲೆಯಾಗಿ ಆಚರಣೆ ಮಾಡುತ್ತಿದ್ದರು. ಅವರಿಗೆ ಅದು ಬಿಡುಗಡೆ. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ಅಲ್ಲಿ ಬಟ್ಟೆ ಕಳಚುತ್ತಿದ್ದವರಲ್ಲಿ ಹೆಚ್ಚಿನವರು ತಳಜಾತಿಗಳ ಬಡವರು, ಅದರಲ್ಲೂ ಹೆಣ್ಣುಮಕ್ಕಳು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ, ಪೊಲೀಸರ ಮೇಲೆ ಹಲ್ಲೆಯಾಯಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಎರಡು ಕಡೆಯೂ ದೇವಿ ಇದ್ದಾಳೆ, ಬೆತ್ತಲೆ ಇದೆ. ಬೇಡ ಅನ್ನೋ ಹಕ್ಕು ಮಾತ್ರ ಒಂದೇ ಕಡೆ ಇತ್ತು.

ಹಾಗಾದರೆ ಬೌದ್ಧನಾದವನು ಮರಕ್ಕೆ ಬೆನ್ನು ಹಾಕಬೇಕೆ? ವಿನಯಪಿಟಕದಲ್ಲಿ ಒಂದು ಕಥೆಯಿದೆ. ಆಳವಿಯಲ್ಲಿ ಒಬ್ಬ ಭಿಕ್ಷು ಕಟ್ಟಡದ ಕೆಲಸಕ್ಕೆ ಮರ ಕಡಿಯುತ್ತಾನೆ. ಬೇಡ ಅಂತ ಆ ಮರದ ದೇವತೆ ಅಂಗಲಾಚುತ್ತಾಳೆ. ಅವನು ಕೇಳೋದಿಲ್ಲ, ಕೊಡಲಿ ಅವಳ ಮಗುವಿನ ತೋಳಿಗೆ ತಾಗುತ್ತದೆ. ಕೊಲ್ಲುವಷ್ಟು ಸಿಟ್ಟು ಬಂದರೂ ತಡೆದುಕೊಂಡು ಬುದ್ಧನಲ್ಲಿಗೆ ಹೋಗುತ್ತಾಳೆ. ಬುದ್ಧ ಅವಳಿಗೆ ಬಲಿ ಕೊಡಿಸಲಿಲ್ಲ, ಗುಡಿ ಕಟ್ಟಿಸಲಿಲ್ಲ. ಖಾಲಿಯಿದ್ದ ಬೇರೊಂದು ಮರ ತೋರಿಸಿ ಇರೋಕೆ ನೆಲೆ ಕೊಟ್ಟ; ಗಿಡಮರಗಳನ್ನು ಹಾಳುಮಾಡುವುದು ತಪ್ಪು ಅಂತ ಭಿಕ್ಷುಗಳಿಗೆ ನಿಯಮ ಮಾಡಿದ.

ಇಲ್ಲಿ ದೇವತೆ ಹೆದರಿಸುವವಳಲ್ಲ, ಮನೆ ಕಳೆದುಕೊಂಡವಳು. ಭಯದಿಂದ ಗುಡ್ಡ, ಮರಗಳಿಗೆ ಶರಣು ಹೋಗುವುದನ್ನು ಧಮ್ಮಪದ ಒಪ್ಪುವುದಿಲ್ಲ. ಆದರೆ ಭಯ ಹೋದ ಮೇಲೂ ಮರ ಉಳಿಯುತ್ತದೆ, ಅದರ ಹಂಗೂ ಉಳಿಯುತ್ತದೆ. ಪಶ್ಚಿಮದ ಪೇಗನ್ನರು ಬುದ್ಧನಿಂದ ಪಡೆಯಬೇಕಾದ್ದು ಈ ವಿವೇಕ. ನಾವು ಅವರಿಂದ ಪಡೆಯಬಹುದಾದ್ದು ಭೂಮಿಯ ಮೇಲಿನ ಅಕ್ಕರೆ. ಪ್ರಕೃತಿಯನ್ನು ತಾಯಿ ಅನ್ನುವವರು ಮೊದಲು ಆ ತಾಯಿಯ ಮಕ್ಕಳೆಲ್ಲರಿಗೂ ನೀರು ಬಿಡಲಿ.